ಮುಚ್ಚಳದೊಳಗಿನ ದನಿ

ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸುವುದು ಕಂಪ್ಯೂಟರಿನ ಗುಣವೆಂದು ನಂಬಿದ್ದೆ. ವಿಡಿಯೋ ಕ್ಯಾಮೆರಾದ ಹಳೆಯ ಟೇಪಿನ ಮುಂದೆ ಅದರ ಜಂಬ ನಡೆಯುವುದಿಲ್ಲ ಮಕ್ಕಳೇ. ಒಂದು ಗಂಟೆಯ ಟೇಪನ್ನು ಒಳಗಿಳಿಸಿಕೊಳ್ಳಲು ಅದೂ ಒಂದು ಗಂಟೆ ಕೈಕಟ್ಟಿ ಕೂತಿರಬೇಕು. ನಮ್ಮ ಶಿಡ್ಲಘಟ್ಟದ ರೇಷ್ಮೆಹುಳುವೂ ಹಾಗೆಯೇ. ಹಣ್ಣಾಗುವ ಮೊದಲೇ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದು ಹುಳು ಬಿಡುವ ಬಿದಿರಿನ ತಟ್ಟೆಗೆ, ಬಿಟ್ಟರೆ ಗೂಡು ಕಟ್ಟುವುದಿಲ್ಲ.

ನಿಮ್ಮೆಲ್ಲರಿಗಿಂತ ದೊಡ್ಡವಳಾದ ಸಿಂಧು, ನಮ್ಮ ಮನೆಯ ಗೃಹಪ್ರವೇಶದ ಟೇಪನ್ನು ಹೀಗೆ ಇಳಿಸುತ್ತಿದ್ದಳು. ಭಾನುವಾರ ಚಿಂತಾಮಣಿಯಲ್ಲಿ, ಅವಳ ತಾಯಿಯ ತಾಯಿ, ಅಂದರೆ ನನ್ನ ಬೀಗಿತ್ತಿಯ ಮನೆಯಲ್ಲಿ, ಎಲ್ಲರೂ ಅದನ್ನು ನೋಡುವುದೆಂದು ತೀರ್ಮಾನವಾಗಿತ್ತು. ಟೇಪಿನಲ್ಲಿ ನಾನು ಎಲ್ಲೆಲ್ಲೂ ಇದ್ದೇನೆ, ಬೆನ್ನು ಮಾತ್ರ. ಕ್ಯಾಮೆರಾ ಕಂಡರೆ ಓಡುತ್ತಿದ್ದ ನನ್ನನ್ನು ನಿಮ್ಮ ತಾತ ಮನೆಯೆಲ್ಲ ಅಟ್ಟಿಸಿಕೊಂಡು ಬಂದಿದ್ದರು.

ಒಂದು ಕಡೆ ಪರದೆ ಕಪ್ಪಾಯಿತು.

“ಮುಚ್ಚಳ ತೆಗೆಯೋದೇ ಮರ್ತಿದ್ದಾರೆ ತಾತ! ಇದನ್ನ ಕಟ್ ಮಾಡ್ತೀನಿ ಅಜ್ಜಿ” ಎಂದಳು ಸಿಂಧು.

ಅಷ್ಟರಲ್ಲಿ ಕತ್ತಲೊಳಗಿಂದ ದನಿಯೊಂದು ಬಂತು: “ಎಲ್ಲಾ ಬಾಗುಂದಿ ವದಿನಾ! ನಮ್ ಚಿಂತಾಮಣಿ ಕಡೆ ಆಗಿದ್ರೆ ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಬಿಡೋರು, ಅಷ್ಟೇ.”

“ಅರೆ, ಚಿಂತಾಮಣಿ ಅಜ್ಜಿ!”

ಅದು ಅವರಲ್ಲ, ನಾನು. ಊಟವಾದ ಮೇಲೆ ಉಗ್ರಾಣದಲ್ಲಿ ನಿಮ್ಮ ತಾತನಿಗೆ ಬೀಗಿತ್ತಿಯನ್ನು ಅಣಕಿಸಿ ತೋರಿಸಿದ್ದೆ, ತೆಲುಗು ಬೆರೆಸಿ ಅವರು ನನ್ನನ್ನು ‘ವದಿನಾ’, ಅಂದರೆ ಅತ್ತಿಗೆ, ಎಂದು ಕರೆಯುವ ಧಾಟಿಯಲ್ಲೇ. ಮುಚ್ಚಳ ಹಾಕಿದರೆ ಕ್ಯಾಮೆರಾ ಕುರುಡಾಗುವುದರ ಜೊತೆಗೆ ಕಿವುಡೂ ಆಗುತ್ತದೆ ಎಂಬುದು ಹಳ್ಳಿಶಾಲೆಯಲ್ಲಿ ಕಲಿತ ನನ್ನ ವಿಜ್ಞಾನ. ತಾತನ ವಿಜ್ಞಾನ ಬೇರೆಯಿತ್ತು. ನನ್ನ ಕಣ್ಣೆದುರೇ ಮುಚ್ಚಳ ಹಾಕಿ ಧೈರ್ಯ ಕೊಟ್ಟವರೇ ಅವರು.

“ಕಟ್ ಮಾಡೇ ತಾಯಿ, ಬೇಗ!” ಎಂದೆ. ಬೀಗರ ಮನೆಯಲ್ಲಿ ಗಟ್ಟಿಯಾಗಿ ಕೆಮ್ಮದೆ ಕಾಪಾಡಿಕೊಂಡು ಬಂದ ಮರ್ಯಾದೆ ನನ್ನದು.

ಆಗ ಟೇಪಿನಲ್ಲಿ ನಿಮ್ಮ ತಾತ ನಕ್ಕರು. ಮೊದಲು ಮೂಗಿನಲ್ಲೇ ತಡೆದು, ಆಮೇಲೆ ತಡೆಯಲಾರದೆ. “ಸಾಕು ಕಣೇ, ಬೀಗಿತ್ತಿ ಹೊರಗಡೇನೇ ಇದ್ದಾರೆ!” ಎನ್ನುತ್ತಲೇ ಮತ್ತೆ ನಕ್ಕರು. ಅವರು ಹೋದ ಮೇಲೆ ಆ ನಗು ನನ್ನ ಕಿವಿಗೆ ಬಿದ್ದಿರಲಿಲ್ಲ. ಬೇರೆ ಯಾವ ಟೇಪಿನಲ್ಲೂ ಅದು ಇಲ್ಲ.

“ಇರಲಿ ಬಿಡಮ್ಮ” ಎಂದೆ.

ಭಾನುವಾರ ಕತ್ತಲೆಯ ಭಾಗ ಬಂದಾಗ ಬೀಗಿತ್ತಿ ಹುಬ್ಬು ಗಂಟಿಕ್ಕಿ ಕೇಳಿದರು. ನನಗೆ ನೆಲ ಬಾಯ್ಬಿಡಬಾರದೇ ಎನಿಸಿತು. ತಾತನ ನಗು ಮುಗಿಯಿತು. ಬೀಗಿತ್ತಿ ಎದ್ದು, ಗೋಡೆಗೆ ಅಂಟಿಕೊಂಡು, ಸೆರಗು ಬಾಯಿಗಿಟ್ಟು, ಇರುವೆಗೆ ಮಾತ್ರ ಕೇಳುವಂತೆ, “ಏನೂ ಬೇಡಪ್ಪಾ... ಅರ್ಧ ಲೋಟ ಕಾಫಿ ಸಾಕು... ಬೇಡ, ಕಾಲು ಲೋಟ...” ಎಂದರು.

ಥೇಟ್ ನಾನೇ! ಇಂಥ ಪಳಗಿದ ಅಣಕ ಒಂದು ದಿನದಲ್ಲಿ ಬರುವಂಥದ್ದಲ್ಲ. ಅವರ ಉಗ್ರಾಣದಲ್ಲೂ ನನ್ನಿಂದಾಗಿ ಯಾರೋ ಬಹಳ ವರ್ಷ ನಕ್ಕಿದ್ದಾರೆ.

“ಇನ್ನೊಂದ್ಸಲ ಮಾಡಿ ವದಿನಾ” ಎಂದೆ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.