ಬಿಚ್ಚದೆ ಇಟ್ಟ ಟೈ

ರೇಷ್ಮೆ ಟೈ ಕೊಳ್ಳಲು ನಮ್ಮ ಮಾವ ಹೊರಟರೆಂದರೆ ಅಂಗಡಿಯವನ ಆಯಸ್ಸಿನಲ್ಲಿ ಒಂದು ದಿನ ಕಡಿಮೆಯಾದಂತೆ. ದೊಡ್ಡ ಹೋಟೆಲೊಂದರಲ್ಲಿ, ಬಂದವರಿಗೆ ಕೋಣೆ ಕೊಡುವ ಕೌಂಟರಿನ ಹಿಂದೆ ನಿಲ್ಲುವುದು ಅವರ ಕೆಲಸ. ಅಂಗಡಿಯ ದೀಪವನ್ನು ಅವರು ನಂಬುತ್ತಿರಲಿಲ್ಲ. ಟೈ ಹಿಡಿದು ಬಾಗಿಲಿಗೆ ಬಂದು ಬಿಸಿಲಲ್ಲಿ ನೋಡುವರು. ಸಣ್ಣ ತುದಿ ಹಿಡಿದು ಇಳಿಬಿಟ್ಟಾಗ ತಿರುಚಿಕೊಂಡರೆ ಬೇಡ. ಮುಷ್ಟಿಯಲ್ಲಿ ಹಿಸುಕಿ ಬಿಟ್ಟಾಗ ಸುಕ್ಕು ಉಳಿದರೆ ಬೇಡ. ಇಷ್ಟೆಲ್ಲ ಪಾಸಾದದ್ದನ್ನು ಅತ್ತೆ, "ಈ ಬಣ್ಣ ನಿಮಗೆ ಒಪ್ಪಲ್ಲ ರೀ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವರು.

ಮನೆಗೆ ತಂದ ಮೇಲೆ ಅದರ ಉಪಚಾರ ಬೇರೆ. ನೀರು ಸೋಕುವಂತಿಲ್ಲ. ಸೆಂಟು ಹಾಕಿಕೊಂಡರೆ ಅದು ಒಣಗಿದ ಮೇಲೆಯೇ ಟೈ. ಇಸ್ತ್ರಿ ಮಾಡಿದರೂ ಮೇಲೊಂದು ಬಟ್ಟೆ ಹಾಸಿಯೇ. ಕೆಲಸದಿಂದ ಬಂದ ಕೂಡಲೇ ಗಂಟು ಬಿಚ್ಚಬೇಕು. ಎಳೆಯಬಾರದು, ಕಟ್ಟಿದ ದಾರಿಯಲ್ಲೇ ಹಿಂದಕ್ಕೆ ಬರಬೇಕು. "ಗಂಟಲ್ಲೇ ಬಿಟ್ರೆ ರೇಷ್ಮೆ ಸತ್ತುಹೋಗುತ್ತಮ್ಮ" ಎಂದು ನನಗೂ ನನ್ನ ಗಂಡನಿಗೂ ಉಪದೇಶ. ಗಂಡ ಜನ್ಮದಲ್ಲಿ ಟೈ ಕಟ್ಟಿದವನಲ್ಲ. ಆದರೂ ಇಬ್ಬರೂ ತಲೆಯಾಡಿಸುತ್ತಿದ್ದೆವು.

ಬಿಚ್ಚುವುದು ಮಾವ, ಕಟ್ಟುವುದು ಅತ್ತೆ. ಬೆಳಿಗ್ಗೆ ಒಲೆಯ ಮೇಲೆ ಏನಿದ್ದರೂ ಉರಿ ಸಣ್ಣಗೆ ಮಾಡಿ ಅತ್ತೆ ಬರುವರು, ಮಾವ ಸಣ್ಣ ಮಗುವಿನಂತೆ ಕತ್ತು ಚಾಚುವರು. "ಊರಿಗೆಲ್ಲ ಬುದ್ಧಿ ಹೇಳ್ತಾರೆ, ಒಂದು ಗಂಟು ಹಾಕೋಕೆ ಬರಲ್ಲ" ಎಂದು ಅತ್ತೆ ಗೊಣಗುವುದು, ಮಾವ ಪೆಚ್ಚಾಗಿ ನಗುವುದು ನಮ್ಮ ಮನೆಯಲ್ಲಿ ದಿನಾ ಇದ್ದದ್ದೇ.

ಒಂದು ಬೆಳಿಗ್ಗೆ ಹಾಗೆ ಟೈ ಕಟ್ಟಿ ಕಳಿಸಿದ ಅತ್ತೆ, ಮಾವ ಹೋಟೆಲು ಮುಟ್ಟುವಷ್ಟರಲ್ಲಿ ಅಡುಗೆಮನೆಯಲ್ಲಿ ಕುಸಿದರು. ಪಾರ್ಶ್ವವಾಯು. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಬಲಗೈಯ ಮಾತೆತ್ತಿದರೆ ಮಾತ್ರ "ಕಾದು ನೋಡೋಣ" ಎನ್ನುತ್ತಿದ್ದರು. ಅದರಷ್ಟು ಕೆಟ್ಟ ಮಾತನ್ನು ನಾನು ಇನ್ನೊಂದು ಕೇಳಿಲ್ಲ.

ಅಂದಿನಿಂದ ಮಾವ ಆ ಟೈ ಬಿಚ್ಚಲಿಲ್ಲ. ಸಡಿಲ ಮಾಡಿ, ತಲೆಯ ಮೇಲಿಂದ ತೆಗೆದು ಮೊಳೆಗೆ ತಗುಲಿಸುವರು. ಬೆಳಿಗ್ಗೆ ಹಾಗೆಯೇ ತೂರಿಸಿಕೊಳ್ಳುವರು. ಅತ್ತೆಯ ಕೈ ಹಾಕಿದ ಕೊನೆಯ ಗಂಟು ಅದು. ದಿನಾ ಜಗ್ಗಿ ಜಗ್ಗಿ ಅದು ಗೋಲಿಯ ಹಾಗೆ ಗಟ್ಟಿಯಾಯಿತು, ಅಂಚಿನ ರೇಷ್ಮೆ ಸವೆಯಿತು. ಮೊಳೆಯ ಕಡೆ ಕಣ್ಣು ಹೋದಾಗಲೆಲ್ಲ ನನಗೆ ಒಂದೇ ಅನುಮಾನ. ಅತ್ತೆಯ ಕೈ ಇನ್ನು ಬರುವುದಿಲ್ಲ ಎಂದು ಈ ಮನುಷ್ಯ ಒಳಗೊಳಗೇ ತೀರ್ಮಾನಿಸಿಬಿಟ್ಟರೇ? ಕೇಳುವ ಧೈರ್ಯ ಯಾರಿಗಿತ್ತು?

ಹೀಗಿರುವಾಗ ಹೋಟೆಲಿನಲ್ಲಿ ಯಾರದೋ ಕೈತಪ್ಪಿ ಚಹಾ ಚೆಲ್ಲಿತು, ಸರಿಯಾಗಿ ಗಂಟಿನ ಮೇಲೆ. ಇಂಥ ಟೈಯಲ್ಲಿ ಕೌಂಟರಿಗೆ ಬರಬೇಡಿ ಎಂದು ಮ್ಯಾನೇಜರು ಅಂದುಬಿಟ್ಟರಂತೆ. ಆಸ್ಪತ್ರೆಗೆ ಹೊರಟಿದ್ದ ನನ್ನನ್ನೂ ಕರೆದುಕೊಂಡು ಮಾವ ಡ್ರೈಕ್ಲೀನಿಂಗ್ ಅಂಗಡಿಗೆ ಓಡಿದರು.

"ಗಂಟು ಬಿಚ್ಚಿ ಕೊಡಿ ಸಾರ್" ಎಂದ ಅಂಗಡಿಯವನು.

"ಹಾಗೇ ಮಾಡೋಕಾಗಲ್ವಾ?"

"ಒಳಗೆ ಕಲೆ ಕೂತ್ರೆ ಆ ದೇವರೇ ಬಂದ್ರೂ ಹೋಗಲ್ಲ. ಕೊಡಿ, ನಾನೇ ಬಿಚ್ತೀನಿ."

"ಮುಟ್ಬೇಡಪ್ಪ!"

ಮಾವನ ಕೂಗಿಗೆ ಅವನು ಹಿಂದೆ ಸರಿದ. ಆಮೇಲೆ ಮಾವನೇ ಟೈ ಹಿಡಿದು, ಕಟ್ಟಿದ ದಾರಿಯಲ್ಲೇ ಹಿಂದಕ್ಕೆ ಬಂದರು. ಗಂಟು ಹೋಯಿತು. ಅವರ ಮುಖ ನೋಡಲಾಗದೆ ನಾನು ಬೀದಿ ನೋಡಿದೆ.

ಮರುದಿನ ಶುಚಿಯಾದ ಟೈ ಹಿಡಿದು, ಕೆಲಸಕ್ಕೆ ಹೋಗುವ ಮುಂಚೆ ಆಸ್ಪತ್ರೆಗೆ ಬಂದರು. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ಫೋನಿನಲ್ಲಿ ವಿಡಿಯೋ ನೋಡಿ ಅರೆಬರೆ ಕಲಿತಿದ್ದ ನಾನು "ಕೊಡಿ ಮಾವ, ಕಟ್ತೀನಿ" ಎಂದೆ. ಅವರು ಕೊಡಲಿಲ್ಲ. ಕಿಟಕಿಯ ಗಾಜಿನತ್ತ ತಿರುಗಿ, ಕಣ್ಣು ಮಿಟುಕಿಸುವುದರೊಳಗೆ ಅಚ್ಚುಕಟ್ಟಾಗಿ ಗಂಟು ಹಾಕಿಕೊಂಡರು.

"ಮಾವ, ನಿಮಗೆ ಬರುತ್ತಾ?"

"ಮೆಲ್ಲಗಮ್ಮ. ಮದುವೆಗೆ ಮುಂಚೆ ನನಗೆ ಯಾರು ಕಟ್ಟೋರಿದ್ರು? ಮದುವೆಯಾದ ಹೊಸದರಲ್ಲಿ ಅವಳೇ ಬಂದು ಕಟ್ಟಿದಳು. ಬರಲ್ಲ ಅಂತ ಸುಮ್ಮನಾದೆ. ಅವಳಿಗೆ ಗೊತ್ತಾಗೋದು ಬೇಡ."

"ಬಿಚ್ರಿ ಅದನ್ನ."

ಅತ್ತೆ ಕಣ್ಣು ಬಿಟ್ಟಿದ್ದರು. ಇಷ್ಟು ದಿನ ಆ ಕೈಯನ್ನು ನಂಬಿದ್ದ ಮನೆಗೆ ಈಗ ಅದು ಬೇಕಿಲ್ಲ ಎಂದುಕೊಂಡು ಇವರು ಕುಗ್ಗಿಹೋದರೆ?

"ಮೊದಲನೇ ಸಲ ನಮ್ಮನೆಗೆ ಬಂದಾಗ ಟೈ ಕಟ್ಕೊಂಡೇ ಬಂದಿದ್ರಿ" ಎಂದರು ಅತ್ತೆ, ತೊದಲುತ್ತ. "ಅದನ್ನ ಯಾರು ಕಟ್ಟಿದ್ರು? ನಿಮ್ಮಜ್ಜಿನಾ?"

ಮಾವ ಸಿಕ್ಕಿಬಿದ್ದ ಕಳ್ಳನಂತೆ ತಲೆತಗ್ಗಿಸಿ ಟೈ ಬಿಚ್ಚಿದರು. ಮಂಚದ ಅಂಚಿಗೆ ಕೂತು ಕತ್ತು ಚಾಚಿದರು. ಅತ್ತೆಯ ಎಡಗೈ ಬಂತು. ಬಲಗೈ ಹಾಸಿಗೆಯ ಮೇಲೇ ಉಳಿಯಿತು. ಮಾವ ಅದನ್ನು ಎತ್ತಿ, ಬೆರಳುಗಳ ನಡುವೆ ಸಣ್ಣ ತುದಿಯನ್ನು ಇಟ್ಟರು. ರೇಷ್ಮೆ ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಇನ್ನೊಮ್ಮೆ ಇಟ್ಟಾಗ ಅತ್ತೆಯ ಹೆಬ್ಬೆರಳು ಅಷ್ಟೇ ಅಷ್ಟು ಒತ್ತಿತು. ಎಡಗೈ ಸುತ್ತು ಹಾಕಿತು. ಗಂಟು ಸೊಟ್ಟಗೆ ಬಂತು. ಮಾವ ಗಾಜಿನತ್ತ ನೋಡದೆ, ಕಣ್ಣೊರೆಸಿಕೊಂಡು, ತಡವಾಯಿತೆಂದು ಓಡಿದರು.

ಕೆಲಸ ಮುಗಿಸಿ ಮನೆಗೆ ಬಂದಾಗಲೂ ಆ ಸೊಟ್ಟ ಗಂಟು ಹಾಗೇ ಇತ್ತು. ಇನ್ನು ಇದೂ ಮೊಳೆಗೆ ಹೋಗುತ್ತದೆ ಎಂದುಕೊಂಡೆ. ಮಾವ ನಿಧಾನವಾಗಿ, ಕಟ್ಟಿದ ದಾರಿಯಲ್ಲೇ ಹಿಂದಕ್ಕೆ ಬಂದು ಗಂಟನ್ನು ಪೂರ್ತಿ ಬಿಚ್ಚಿ, ಟೈಯನ್ನು ಹ್ಯಾಂಗರಿಗೆ ಇಳಿಬಿಟ್ಟರು.

"ನಾಳೆ ಅವಳು ಮತ್ತೆ ಕಟ್ಬೇಕಲ್ಲಮ್ಮ" ಎಂದರು.