ದ್ವಾದಶಿಯ ಎರಡು ಪಾಲು

ಇವತ್ತು ದ್ವಾದಶಿ. ಬೆಳಿಗ್ಗೆ ಒಂದು ಅಂಗೈಯಲ್ಲಿ ತೀರ್ಥದ ತುಳಸಿ, ಇನ್ನೊಂದರಲ್ಲಿ ನನ್ನ ಕಾಲುರಿಯ ಎರಡು ಗುಳಿಗೆ. ಉಪವಾಸವೆಂದು ನಿನ್ನೆ ಬಿಟ್ಟದ್ದು ಒಂದು, ಇವತ್ತಿನದು ಒಂದು. ಇನ್ನೇನು ಬಾಯಿಗೆ ಹಾಕಿಕೊಳ್ಳಬೇಕು, ತುಳಸಿಯ ವಾಸನೆಯೂ ಔಷಧಿಯ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದು ಮಾನ್ವಿಯ ಕಾಕು ನೆನಪಾದರು...

ನಾನು ಮದುವೆಯಾಗಿ ಮಾನ್ವಿಗೆ ಬಂದಾಗ ಇನ್ನೂ ನಿಜಾಮರ ಕಾಲ. ಪಕ್ಕದ ಮನೆಯ ಕಾಕು ನಮ್ಮ ಓಣಿಯ ಗುಡಿಯ ಅರ್ಚಕರ ಹೆಂಡತಿ. ಎಪ್ಪತ್ತರ ಹತ್ತಿರದ ವಯಸ್ಸು. ದಿನಾ ಸಂಜೆ ದೀಪ ಹಚ್ಚುವ ಮೊದಲು ಗುಡಿಯ ಬಾಗಿಲಿಗೆ ರಂಗೋಲಿ ಹಾಕುವುದು ಅವರ ಹಕ್ಕು. ಅದರ ಮೇಲೆ ಅವರ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ಮೊದಲಿನಿಂದಲೂ ಕಣ್ಣು. ಕಾಕುವಿಗೆ ಕಾಲಿನ ನರಗಳಲ್ಲಿ ಉರಿ ಶುರುವಾದದ್ದೇ ತಡ, ನೆಗೆಣ್ಣಿ ಬಂದು, "ನೀವು ಕೂಡ್ರಿ ಅಕ್ಕಾ, ರಂಗೋಲಿ ನಾ ಹಾಕ್ತೀನಿ" ಎಂದರು. ಕಾಲಿಗಿಂತ ಆ ಮಾತೇ ಹೆಚ್ಚು ಉರಿಯಿತು. ಮರುದಿನವೇ ಕಾಕು ನನ್ನನ್ನು ಕರೆದುಕೊಂಡು ದವಾಖಾನೆಗೆ ಹೊರಟರು.

ಡಾಕ್ಟರು ಕಂದು ಬಣ್ಣದ ಔಷಧಿ ಕೊಟ್ಟರು. ಬಾಟಲಿಗೆ ಅಂಟಿಸಿದ ಕಾಗದದಲ್ಲಿ ಗುರುತುಗಳಿದ್ದವು. ದಿನಾ ಮಧ್ಯಾಹ್ನ ಒಂದು ಗುರುತಿನಷ್ಟು ಕುಡಿಯಬೇಕು. ದವಾಖಾನೆಯ ನೀರು ಮೈಲಿಗೆಯಲ್ಲವೇ? ಕಾಕು ಬಾಟಲಿಯೊಳಗೆ ಒಂದು ತುಳಸಿ ಎಲೆ ಬಿಟ್ಟು ಅದನ್ನು ಮಡಿ ಮಾಡಿದರು. ಉರಿ ಇಳಿಯಿತು. ಆದರೆ ನನ್ನೊಡನೆ ಅಕ್ಕಿ ಆರಿಸುತ್ತಲೇ ತೂಕಡಿಸುತ್ತಿದ್ದರು. ಕೇಳಿದರೆ, "ಧ್ಯಾನ ಮಾಡ್ಲಿಕ್ಕತ್ತೀನಿ" ಎನ್ನುತ್ತಿದ್ದರು.

ಅಷ್ಟರಲ್ಲಿ ಏಕಾದಶಿ ಬಂತು. ಅಂದು ಹನಿ ನೀರನ್ನೂ ಮುಟ್ಟದ ಕಾಕು ಔಷಧಿ ಮುಟ್ಟುತ್ತಾರೆಯೇ? ದ್ವಾದಶಿಯ ಮಧ್ಯಾಹ್ನ ಎರಡೂ ದಿನದ್ದನ್ನು ಒಟ್ಟಿಗೇ ಕುಡಿದರು.

ಸಂಜೆ ನಾನು ಹೊರಗೆ ಬಂದು ನೋಡಿದರೆ ರಂಗೋಲಿಯ ಗೆರೆ ಗುಡಿಯ ಬಾಗಿಲಲ್ಲಿ ನಿಲ್ಲದೆ, ಬೀದಿ ದಾಟಿ, ಎದುರಿನ ಜೋಳದ ಅಂಗಡಿಯವರೆಗೆ ಹೋಗಿದೆ. ನಡುವೆ ಮಲಗಿದ್ದ ಎತ್ತಿನ ಬೆನ್ನ ಮೇಲೂ ಒಂದು ಎಳೆ! ಅಂಗಡಿಯಲ್ಲಿ ಕಾಕು ಜೋಳದ ಚೀಲಗಳಿಗೆ ಪ್ರದಕ್ಷಿಣೆ ಹಾಕುತ್ತಿದ್ದಾರೆ. ಹಣೆ ತುಂಬ ವಿಭೂತಿ ಧರಿಸಿದ ಸಾವುಕಾರರು ಕೈಮುಗಿದು ನಿಂತಿದ್ದಾರೆ.

"ನಮ್ಮ ಜೋಳಕ್ಕ ಇಷ್ಟು ಮರ್ಯಾದಿ ಯಾರೂ ಕೊಟ್ಟಿದ್ದಿಲ್ಲ ಯವ್ವಾ. ಆದ್ರ ಗಿರಾಕಿ ಕಾಯಾಕತ್ತಾರ್ರೀ..."

ನನಗೆ ನಗು ತಡೆಯಲಾಗಲಿಲ್ಲ. ಮರುಕ್ಷಣ ಕಾಕು ಗಟಾರದ ಕಡೆ ವಾಲಿದರು. ಓಡಿಹೋಗಿ ಹಿಡಿದುಕೊಂಡೆ. ಬಿದ್ದಿದ್ದರೆ ಸೊಂಟ ಮುರಿಯುತ್ತಿತ್ತು. ಬಾಟಲಿಯನ್ನೂ ಹಿಡಿದು ಅವರನ್ನು ಮತ್ತೆ ದವಾಖಾನೆಗೆ ಕರೆದೊಯ್ದೆ.

ಡಾಕ್ಟರು ಬಾಟಲಿ ನೋಡಿ, "ಎರಡು ಗುರ್ತು ಯಾಕ ಕುಡಿದ್ರಿ ಅಮ್ಮಾ?" ಎಂದರು.

"ತಪ್ಪಿದ ಜಪಾ ನಮ್ಮನಿಯವ್ರು ಮರುದಿನ ಸೇರ್ಸಿ ಮಾಡ್ತಾರ. ಔಷಧಾ ಯಾಕ ಸೇರ್ಸಬಾರದು?" ಎಂದರು ಕಾಕು.

ಡಾಕ್ಟರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಇದು ಜಪ ಅಲ್ಲಮ್ಮಾ. ತಪ್ಪಿದ್ದು ಬಿಟ್ಟುಬಿಡ್ರಿ. ಈ ವಯಸ್ಸಿನ್ಯಾಗ ಜಾಸ್ತಿ ಆದ್ರ ತಲಿ ತಿರುಗಿ ಬೀಳ್ತೀರಿ." ಔಷಧಿಯನ್ನು ಅರ್ಧ ಗುರುತಿಗೆ ಇಳಿಸಿದರು. ಅಷ್ಟಕ್ಕೆ ಉರಿ ಪೂರ್ತಿ ಹೋಗುವುದಿಲ್ಲವೆಂದೂ ಹೇಳಿದರು.

"ಉರಿ ಸ್ವಲ್ಪ ಇರ್ಲಿ, ಗೆರಿ ನೆಟ್ಟಗ ಬಂದ್ರ ಸಾಕು. ಇಲ್ಲಾಂದ್ರ ಅಕಿ ಬಂದು ಕೂಡ್ತಾಳ!"

ನಾಲ್ಕು ದಿನ ಮಲಗಿ ಎದ್ದ ಮೇಲೆ ಕಾಕು ಮತ್ತೆ ಗುಡಿಯ ಮುಂದೆ ಕೂತರು. ನೆಗೆಣ್ಣಿ ಬಗ್ಗಿ ಬಗ್ಗಿ ನೋಡಿದರೂ ತಪ್ಪು ಸಿಗಲಿಲ್ಲ. ಸಾವುಕಾರರು ಮಾತ್ರ ಆ ಪ್ರದಕ್ಷಿಣೆಯಿಂದಲೇ ವ್ಯಾಪಾರ ಕುದುರಿತೆಂದು ನಂಬಿ, ಪ್ರತಿ ದ್ವಾದಶಿಗೂ ಅಂಗಡಿಯ ಮುಂದೆ ನೀರು ಹೊಡೆಸಿ ಕಾಯುತ್ತಿದ್ದರು.

ಕೊನೆಯವರೆಗೂ ಆ ರಂಗೋಲಿ ಕಾಕುವಿನ ಕೈಯಲ್ಲೇ ಉಳಿಯಿತು. ಅವರು ಹೋಗಿ ಎಷ್ಟೋ ವರ್ಷವಾಯಿತು... ಈಗ ಅದೇ ಉರಿ ನನ್ನ ಕಾಲಿಗೆ ಬಂದಿದೆ. ಬೆಳಿಗ್ಗೆ ಒಂದು ಗುಳಿಗೆಯನ್ನು ತಿರುಗಿ ಡಬ್ಬಿಗೆ ಹಾಕಿದೆ. ಸಂಜೆ ಮನೆಯ ಬಾಗಿಲಿಗೆ ನಾಲ್ಕು ಗೆರೆ ಎಳೆದೆ. ಒಂದು ಸೊಟ್ಟಗಾಯಿತು. ಕಾಕು ಇದ್ದಿದ್ದರೆ ಬೈದು, ಅಳಿಸಿ, ಮತ್ತೆ ಹಾಕಿಸುತ್ತಿದ್ದರು. ಆ ಬೈಗುಳ ಬೇಕೆನಿಸಿ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.