ಪೀಪಾಯಿಯ ಮೇಲಿನ ಎರಡನೆಯ ಗೀಟು

ಬೆಳಗಿನ ಆರು ಗಂಟೆ. ಅಮೆರಿಕದ ಮಸ್ಕೀಗನ್ ಊರಿನ ಬಿಯರ್ ಉಗ್ರಾಣದ ಹೊರಬಾಗಿಲಲ್ಲಿ ವರ್ಲಿನ್ ಹೂಕ್‌ಸ್ಟ್ರಾ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ, ಮೇಷ್ಟ್ರು ಶಿಕ್ಷೆ ಕೊಟ್ಟು ನಿಲ್ಲಿಸಿದ ಹಾಗೆ. ಅವರ ಬೆನ್ನ ಹಿಂದೆ, ಪೀಪಾಯಿ ತೊಳೆಯುವ ಡಾರ್ಲಾ ಪ್ರೂಯಿಟ್ ಕಿತ್ತಳೆ ಹಣ್ಣಿಗೆ ಉಗುರು ಹಾಕಿ ಸಿಪ್ಪೆ ಬಿಡಿಸುತ್ತಾರೆ. ಪರಿಮಳ ತಾಕಿದ ಕೂಡಲೇ ವರ್ಲಿನ್ "ಬಂತು" ಎನ್ನಬೇಕು. ಐದು ವರ್ಷಗಳಿಂದ ಪ್ರತಿ ಬೆಳಗ್ಗೆ ಮೊದಲು ಈ ಪರೀಕ್ಷೆ, ಆಮೇಲೆ ಬಿಯರ್.

ಇಂದು ಅರ್ಧ ಹಣ್ಣು ಬಿಡಿಸಿದ್ದಾಯಿತು.

"ಏನಪ್ಪಾ, ನಿಂತಲ್ಲೇ ನಿದ್ದೆ ಹೋದ್ಯಾ?" ಡಾರ್ಲಾ ಕೇಳುತ್ತಾರೆ.

"ಇಲ್ಲ ಕಣೆ. ಬರ್ತಿಲ್ಲ." ವರ್ಲಿನ್‌ರ ಕಿವಿ ಕೆಂಪಾಗುತ್ತದೆ. "ಮೊಮ್ಮಗಳ ನೆಗಡಿ ನಂಗೂ ಅಂಟ್ಕೊಂಡಿದೆ."

ಅರವತ್ತಮೂರರ ವರ್ಲಿನ್‌ರ ಕೆಲಸ ರುಚಿ ನೋಡುವುದು. ವಿಸ್ಕಿ ಖಾಲಿಯಾದ ಓಕ್ ಪೀಪಾಯಿಗಳಲ್ಲಿ ಹದಿನಾಲ್ಕು ತಿಂಗಳು ಮಲಗಿದ ಕಡುಗಪ್ಪು ಬಿಯರ್ ಅದು. ಮಾಮೂಲಿ ಬಿಯರಿಗಿಂತ ಎರಡು ಪಟ್ಟಿಗೂ ಹೆಚ್ಚು ಅಮಲು. ಪೀಪಾಯಿಯ ಮುಖಕ್ಕೆ ಬಡಿದ ಮೊಳೆಯನ್ನು ಇಕ್ಕಳದಿಂದ ಕಿತ್ತರೆ ಕಪ್ಪು ದಾರದಂಥ ಧಾರೆ ಲೋಟಕ್ಕೆ ಚಿಮ್ಮುತ್ತದೆ. ಮೂಸಿ, ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಬಕೆಟ್ಟಿಗೆ ಉಗಿದು, ಮತ್ತೆ ಮೊಳೆ ಬಡಿಯುತ್ತಾರೆ. ಚೆನ್ನಾಗಿದ್ದರೆ ಸೀಮೆಸುಣ್ಣದ ಒಂದು ಗೀಟು. ದಿನಕ್ಕೆ ಇಪ್ಪತ್ತನಾಲ್ಕು ಪೀಪಾಯಿ. ಅದನ್ನು ಮೀರಿದರೆ ನಾಲಗೆ ಸುಳ್ಳು ಹೇಳುತ್ತದಂತೆ. ಗೀಟು ಬಿದ್ದವೆಲ್ಲ ಒಂದೇ ಟ್ಯಾಂಕಿಗೆ ಸೇರುತ್ತವೆ. ನವೆಂಬರಿನಲ್ಲಿ ಆ ಬಾಟಲಿಗಾಗಿ ಜನ ಮಡಿಸುವ ಕುರ್ಚಿ, ಕಂಬಳಿ ತಂದು ಸಾಲಿನಲ್ಲಿ ಕೂರುತ್ತಾರೆ. ವರ್ಲಿನ್ ಯಾರೆಂದು ಅವರಿಗೆ ಗೊತ್ತಿಲ್ಲ.

ಐದು ವರ್ಷದ ಹಿಂದಿನ ಚಳಿಗಾಲದಲ್ಲೂ ಅವರ ಮೂಗು ಕಟ್ಟಿತ್ತು. ಆಗ ಹೇಳಲಿಲ್ಲ.

"ಇಲ್ಲಿ ಎಲ್ರೂ ನನ್ನ 'ಮೂಗು' ಅಂತ್ಲೇ ಕರೀತಿದ್ರು. ಮೂಗಿಗೇ ವಾಸನೆ ಬರಲ್ಲ ಅಂದ್ರೆ ನಗಲ್ವಾ?" ಎನ್ನುತ್ತಾರೆ ವರ್ಲಿನ್, ಪತ್ರಿಕೆಗೆ ಬರೆಯಲು ಬಂದ ನನ್ನೊಡನೆ.

ಅಕ್ಕಪಕ್ಕದವು ಚೆನ್ನಾಗಿದ್ದವು, ಇದೂ ಇರಬೇಕು ಎಂದು ಒಂದು ಪೀಪಾಯಿಗೆ ಗೀಟೆಳೆದರು. ಅದರ ಹಲಗೆಯ ಬಿರುಕಿನಲ್ಲಿ, ನೀರು ಮುಟ್ಟದ ಕಡೆ, ಬೂಷ್ಟು ಕೂತಿತ್ತು. ನಾಲಗೆಗೆ ಸಿಹಿ, ಕಹಿ ಸರಿಯಾಗಿಯೇ ಸಿಕ್ಕಿತು. ಮುಗ್ಗಲು ಹಿಡಿಯಬೇಕಾದದ್ದು ಮೂಗು. ಮೂವತ್ತು ಪೀಪಾಯಿಯ ಟ್ಯಾಂಕಿಡೀ ಒದ್ದೆ ಗೋಣಿಚೀಲದ ವಾಸನೆ ಹೊಡೆಯಿತು. ಅಷ್ಟನ್ನೂ ಚರಂಡಿಗೆ ಬಿಟ್ಟರು.

ಮಾತು ಕೇಳಬೇಕಾಗಿ ಬಂದದ್ದು ಡಾರ್ಲಾಗೆ. ತೊಳೆದದ್ದೇ ಸರಿಯಿಲ್ಲ ಎಂದು ಎಲ್ಲರೂ ಅಂದರು. ಹನ್ನೊಂದು ದಿನ ವರ್ಲಿನ್ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದರು. ಆ ಹನ್ನೊಂದೂ ದಿನ ಅವರ ಇಕ್ಕಳದ ಪಕ್ಕ ಕೋಳಿ ಸಾರಿನ ಫ್ಲಾಸ್ಕ್ ಇರುತ್ತಿತ್ತು. ಇಟ್ಟುಹೋಗುತ್ತಿದ್ದವರು ಡಾರ್ಲಾ.

"ಸೀನೋದು ಕೇಳಿಸ್ತಿತ್ತಲ್ಲ, ಗೊತ್ತಾಗಿತ್ತು ನಂಗೆ," ಎನ್ನುತ್ತಾರೆ ಆಕೆ. "ತಾನೇ ಬಾಯಿ ಬಿಡ್ಲಿ ಅಂತ ಕಾದೆ."

"ಆ ಸಾರು ಗಂಟಲಲ್ಲಿ ಇಳೀತಿರಲಿಲ್ಲ." ವರ್ಲಿನ್ ನೆಲ ನೋಡುತ್ತಾರೆ. "ಹನ್ನೆರಡನೇ ದಿನ ಎಲ್ರ ಮುಂದೆ ಹೇಳ್ದೆ. ನಿಜ ಹೇಳ್ದೆ ಅಂತ ಬೆನ್ನು ತಟ್ಟಿದ್ರು! ಅದಕ್ಕಿಂತ ಎರಡು ಬಾರಿಸಿದ್ರೆ ವಾಸಿ ಇತ್ತು."

ಮರುವಾರವೇ ಡಾರ್ಲಾಗೆ ರುಚಿ ನೋಡುವುದನ್ನು ಕಲಿಸತೊಡಗಿದರು. ಅಂದಿನಿಂದ ಪ್ರತಿ ಪೀಪಾಯಿಗೂ ಎರಡು ಗೀಟು, ಎರಡನೆಯದು ಆಕೆಯದು.

ಇಂದು ಪೀಪಾಯಿಗಳ ಕೊನೆಯ ಸಾಲು. ಮಧ್ಯಾಹ್ನ ಟ್ಯಾಂಕ್ ತುಂಬಬೇಕು. ವರ್ಲಿನ್ ಮಾಲೀಕರಿಗೆ ಫೋನ್ ಮಾಡುತ್ತಾರೆ. "ಮೂಗು ಕಟ್ಟಿದೆ. ನನ್ನ ಗೀಟು ಇರಲ್ಲ. ಡಾರ್ಲಾದು ಇರುತ್ತೆ, ಅಷ್ಟು ಸಾಕು." ಸೀಮೆಸುಣ್ಣವನ್ನು ಆಕೆಯ ಕೈಗಿಟ್ಟು ಇಕ್ಕಳ ಹಿಡಿಯುತ್ತಾರೆ.

"ಸುಟ್ಟ ಸಕ್ಕರೆ. ಒಣದ್ರಾಕ್ಷಿ. ಆಮೇಲೆ ಎದೆ ಹತ್ರ ವಿಸ್ಕಿ, ಬೆಚ್ಚಗೆ," ಡಾರ್ಲಾ ಕಣ್ಣು ಮುಚ್ಚಿ ಹೇಳುತ್ತಾರೆ.

"ಉಗಿಯೇ, ನುಂಗಬೇಡ!"

"ಹದಿನೆಂಟು ಉಗಿದಿದೀನಿ. ಇದೊಂದು ನಂದು."

ಇಪ್ಪತ್ತೊಂದನೆಯದಕ್ಕೆ ಆಕೆಯ ನಗು ನಿಲ್ಲುತ್ತದೆ. ಮತ್ತೆ ಮೂಸುತ್ತಾರೆ. "ವರ್ಲಿನ್, ಒದ್ದೆ ಗೋಣಿ."

ವರ್ಲಿನ್ ಲೋಟವನ್ನು ಮೂಗಿಗೆ ಒತ್ತಿ ಹಿಡಿಯುತ್ತಾರೆ. ಬಹಳ ಹೊತ್ತು. "ನಂಗೇನೂ ಗೊತ್ತಾಗ್ತಿಲ್ಲ," ಎಂದು ಸೀಮೆಸುಣ್ಣ ಇಸಿದುಕೊಂಡು, ಆಕೆಯ ಮಾತು ನಂಬಿ, ಈ ಪೀಪಾಯಿ ಬೇಡವೆಂದು ದೊಡ್ಡದಾಗಿ ಅಡ್ಡಗೀಟು ಹೊಡೆಯುತ್ತಾರೆ.

ಕೆಲಸ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಿತ್ತಳೆಯ ತೊಳೆ ಹಂಚಿಕೊಳ್ಳುತ್ತಾರೆ. ಈ ಬರಹದ ಬಗ್ಗೆ ಏನಾದರೂ ಆಸೆ ಉಂಟೆ ಎಂದು ನಾನು ಕೇಳಿದರೆ ವರ್ಲಿನ್ ಬೀಜ ಉಗಿದು, ಕೈ ಒರೆಸಿಕೊಳ್ಳುತ್ತಾರೆ.

"ಇವಳ ಹೆಸರು ಮೊದಲು ಹಾಕಿ. ನಂದೂ ಬರೆಯೋದಾದ್ರೆ ಆ ಹನ್ನೊಂದು ದಿನಾನೂ ಬರೀರಿ. ಬಿಟ್ಟುಬಿಡ್ಬೇಡಿ."